ಕೆಟ್ಟದ್ದು ಯಾವುದು, ಕೆಡಿಸಿದ್ದು ಯಾವುದು

ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ತೆರೆ ಮಾತ್ರ ಕಪ್ಪಗೇ ಉಳಿಯುತ್ತದೆ. ಇಲ್ಲವೇ ಫ್ಯಾನೂ ಅಲುಗದೆ ಕಂಪ್ಯೂಟರ್ ಸುಮ್ಮನೆ ಕೂತುಬಿಡುತ್ತದೆ. ಡಿಟಿಪಿ ಅಂಗಡಿಯಲ್ಲಿ ಮದುವೆಯ ಕರೆಯೋಲೆ ಅರ್ಧಕ್ಕೆ ನಿಂತಿರುತ್ತದೆ, ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಲು ಬಂದವರು ಕಾದಿರುತ್ತಾರೆ, ಮನೆಯಲ್ಲಾದರೆ ಮಕ್ಕಳ ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದಿರುತ್ತದೆ. ಕೈಯಲ್ಲಿ ನಾಲ್ಕೈದು ಸಾವಿರ ರೂಪಾಯಿ ಇದ್ದರೆ ಅದೇ ದೊಡ್ಡದು. ಇಂಥ ಗಡಿಬಿಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ‘ಯಾವ ಪಾರ್ಟ್ ತರಬೇಕು, ಎಷ್ಟಾಗುತ್ತದೆ’ ಎಂದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಎನ್ನುವುದು ನನ್ನ ವಾದ. ಕೆಟ್ಟದ್ದು ಯಾವುದು, ಅದನ್ನು ಕೆಡಿಸಿದ್ದು ಯಾವುದು, ಕೆಡದೆ ಉಳಿದ ಪಾರ್ಟ್‌ಗಳಿಗೆ ಎಂಥದ್ದು ಹೊಂದುತ್ತದೆ, ಇವು ಗೊತ್ತಾದ ಮೇಲೆ ಯಾವುದನ್ನು ಕೊಳ್ಳಬೇಕೆಂಬುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ದುಡ್ಡಿದ್ದವರು ಈ ಕ್ರಮ ತಪ್ಪಿಸಿದರೂ ನಡೆದೀತು, ಇನ್ನೊಂದು ಪಾರ್ಟ್ ತಂದು ಹಾಕಿಕೊಳ್ಳುತ್ತಾರೆ. ದುಡ್ಡು ಕಡಿಮೆ ಇದ್ದವರಿಗೆ ಎರಡನೆಯ ಅವಕಾಶವೇ ಇರುವುದಿಲ್ಲ.

ಸತ್ತಿತು ಎಂದುಕೊಂಡ ಕಂಪ್ಯೂಟರುಗಳಲ್ಲಿ ಎಷ್ಟೋ ನಿಜವಾಗಿ ಸತ್ತಿರುವುದಿಲ್ಲ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ಗುಂಡಗಿನ ಸೆಲ್ ಒಂದಿರುತ್ತದೆ. ಅದು ಖಾಲಿಯಾದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಸೆಟ್ಟಿಂಗ್ ಅಳಿಸಿಹೋಗುತ್ತದೆ, ಕೆಲವು ಹಳೆಯ ಬೋರ್ಡುಗಳು ಶುರುವಾಗಲೂ ತಕರಾರು ಮಾಡುತ್ತವೆ. ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚಿಗೆ ಕಿಲುಬು ಕೂತರೆ ತೆರೆ ಬರುವುದಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಇದು ತೀರಾ ಸಾಮಾನ್ಯ. ಪಟ್ಟಿಯನ್ನು ಹೊರಗೆ ತೆಗೆದು, ಶಾಲೆಯ ಮಕ್ಕಳ ರಬ್ಬರಿನಿಂದ ಅಂಚನ್ನು ಹಗುರವಾಗಿ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸುವುದು ನಮ್ಮ ರಿಪೇರಿಯವರೆಲ್ಲ ಮೊದಲು ಮಾಡುವ ಕೆಲಸ, ಅದು ಸರಿಯಾದ ಕೆಲಸವೇ. ಪ್ರೊಸೆಸರ್ ಮತ್ತು ಅದರ ಹೀಟ್ ಸಿಂಕಿನ ನಡುವಿನ ಥರ್ಮಲ್ ಪೇಸ್ಟ್ ಒಣಗಿ, ಫ್ಯಾನಿಗೆ ಧೂಳು ಮೆತ್ತಿಕೊಂಡಿದ್ದರೆ ಕಂಪ್ಯೂಟರ್ ಶುರುವಾದ ಸ್ವಲ್ಪ ಹೊತ್ತಿಗೆ ತಾನಾಗಿ ಆರಿಹೋಗುತ್ತದೆ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳುವ ಉಪಾಯ ಅದು. ನೋಡಿದವರು ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಹೋಯಿತು ಎಂದುಕೊಂಡು ಹೊಸದನ್ನು ತರುತ್ತಾರೆ, ಬೇಕಾಗಿದ್ದದ್ದು ಒಂದು ಕುಂಚ ಮತ್ತು ಸಣ್ಣ ಪೇಸ್ಟ್ ಟ್ಯೂಬು.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಈ ಮಾತಿಗೆ ಅಂಕಿಯ ಸಾಕ್ಷಿಯೇ ಇದೆ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ಹೆಸರಿನ ಪಟ್ಟಿಯಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶ ಹಾಕಿದರೆ ಆ ಪಟ್ಟಿ ಕಣ್ಣೆದುರಿಗೆ ಬರುತ್ತದೆ. ಅದರಲ್ಲಿ 5ನೇ ಸಂಖ್ಯೆಯ ಸಾಲು, ಕೆಟ್ಟು ಬೇರೆ ಕಡೆಗೆ ವರ್ಗಾವಣೆಯಾದ ಸೆಕ್ಟರುಗಳ ಲೆಕ್ಕ. 197ನೇ ಸಾಲು, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳದ್ದು. ಈ ಎರಡು ಏರುತ್ತಿದ್ದರೆ ಡಿಸ್ಕಿನ ಕಾಲ ಮುಗಿಯುತ್ತಿದೆ ಎಂದೇ ತಿಳಿದು ಅವತ್ತೇ ಫೈಲುಗಳನ್ನು ಬೇರೆ ಕಡೆಗೆ ನಕಲು ಮಾಡಿಕೊಳ್ಳಬೇಕು. ಆದರೆ ಈ ಎರಡೂ ಸೊನ್ನೆಯಲ್ಲಿದ್ದು 199ನೇ ಸಾಲು ಮಾತ್ರ ಏರುತ್ತಿದ್ದರೆ ಕಥೆ ಬೇರೆ. ಅದು ಡಿಸ್ಕು ಮತ್ತು ಬೋರ್ಡಿನ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಎಣಿಕೆ, ಕಾರಣ ಬಹಳ ಸಲ ಸಡಿಲವಾದ ಅಥವಾ ಸವೆದ ಸಾಟಾ ಕೇಬಲ್. ಕಂಪ್ಯೂಟರ್ ನಡುನಡುವೆ ಗಕ್ಕನೆ ನಿಲ್ಲುವುದು, ವಿಂಡೋಸ್ ತೆರೆಯಲು ಒದ್ದಾಡುವುದು, ಫೈಲ್ ನಕಲಾಗುತ್ತಾ ಅರ್ಧಕ್ಕೆ ಕೈಕೊಡುವುದು ಮುಂತಾದ ಲಕ್ಷಣಗಳೆಲ್ಲ ಎರಡು ಸಂದರ್ಭದಲ್ಲೂ ಒಂದೇ. ಒಂದರಲ್ಲಿ ಖರ್ಚು ಕೆಲವು ಸಾವಿರ, ಇನ್ನೊಂದರಲ್ಲಿ ನೂರರ ಆಸುಪಾಸು. ಈ ಒಂದು ಸಾಲನ್ನು ಓದದೆ ಡಿಸ್ಕ್ ಬದಲಿಸಿದವರು ಅದೇ ಹಳೆಯ ಕೇಬಲನ್ನು ಹೊಸ ಡಿಸ್ಕಿಗೆ ಸಿಕ್ಕಿಸಿ, ಅದೇ ತೊಂದರೆಯನ್ನು ಮತ್ತೆ ಅನುಭವಿಸುತ್ತಾರೆ.

ಇದೆಲ್ಲ ತಿಳಿದವರಿಗೆ ಸರಿ, ಸಾಮಾನ್ಯ ಜನ ಪರೀಕ್ಷೆ ಎಲ್ಲಿ ಮಾಡುತ್ತಾರೆ, ಅಂಗಡಿಯವರೇ ಪುಕ್ಕಟೆ ನೋಡಿಕೊಡುತ್ತಾರಲ್ಲ ಎಂಬ ಆಕ್ಷೇಪ ಸಹಜವಾದದ್ದು. ಪುಕ್ಕಟೆ ನೋಡುವ ಅಂಗಡಿಯ ಬಾಡಿಗೆಯೂ ಹುಡುಗರ ಸಂಬಳವೂ ಮಾರಿದ ಪಾರ್ಟಿನ ಲಾಭದಿಂದಲೇ ಬರಬೇಕು. ಹಾಗಿರುವಾಗ ‘ಏನೂ ಬದಲಿಸಬೇಕಿಲ್ಲ, ಕೇಬಲ್ ಸಡಿಲವಾಗಿತ್ತು’ ಎಂದು ಹೇಳಿದರೆ ಅವರ ಆ ಹೊತ್ತಿನ ದುಡಿಮೆಗೆ ಕೂಲಿಯೇ ಇಲ್ಲ. ಪರೀಕ್ಷೆಗೆಂದೇ ಇನ್ನೂರೋ ಮುನ್ನೂರೋ ಕೇಳುವ ಅಂಗಡಿ ಸಿಕ್ಕರೆ ಅದನ್ನು ದುಬಾರಿ ಎನ್ನಬಾರದು. ಬಜೆಟ್ಟಿನ ಮೊದಲ ಖರ್ಚು ಅದೇ ಆಗಬೇಕು. ಪ್ರಾಮಾಣಿಕ ರೋಗಪತ್ತೆಗೆ ಹಣ ಕೊಡುವ ರೂಢಿ ನಮ್ಮಲ್ಲಿ ಬೆಳೆಯದೆ ಇರುವುದೇ ಬೇಡದ ಪಾರ್ಟ್‌ಗಳು ಮಾರಾಟವಾಗಲು ದೊಡ್ಡ ಕಾರಣ. ಜೊತೆಗೆ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಉಚಿತವಾಗಿ ಸಿಗುತ್ತದೆ, ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಲು ಬಿಟ್ಟರೆ ಬೆಳಿಗ್ಗೆ ಫಲಿತಾಂಶ ತೆರೆಯ ಮೇಲಿರುತ್ತದೆ. ಒಂದು ಮಲ್ಟಿಮೀಟರಿನ ಬೆಲೆ ಕೆಲವೇ ನೂರು ರೂಪಾಯಿ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಇದನ್ನು ಕಲಿಯಲು ಒಂದು ಸಂಜೆ ಸಾಕು.

ಇನ್ನು ಕೆಡಿಸಿದ್ದರ ಮಾತು. ನಮ್ಮ ಊರುಗಳಲ್ಲಿ ಈ ಪ್ರಶ್ನೆ ಹಿಡಿದು ಹೊರಟರೆ ಅನೇಕ ಸಲ ತಲುಪುವುದು ಎಸ್‌ಎಂಪಿಎಸ್ಸಿಗೆ, ಅಲ್ಲಿಂದ ಗೋಡೆಯ ಪ್ಲಗ್ಗಿಗೆ. 230 ವೋಲ್ಟಿನ ಕರೆಂಟನ್ನು 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸಿ ಕೊಡುವ ಈ ಡಬ್ಬಿಯ ಕೈಯಲ್ಲಿ ಉಳಿದ ಎಲ್ಲ ಪಾರ್ಟ್‌ಗಳ ಪ್ರಾಣವಿದೆ. ಎಟಿಎಕ್ಸ್ ಮಾನದಂಡದ ಪ್ರಕಾರ ಈ ವೋಲ್ಟೇಜುಗಳು ಶೇಕಡಾ 5ಕ್ಕಿಂತ ಹೆಚ್ಚು ಏರಿಳಿಯುವಂತಿಲ್ಲ, ಅಂದರೆ 12 ವೋಲ್ಟಿನ ಸಾಲು 11.4ರಿಂದ 12.6ರ ಒಳಗೇ ಇರಬೇಕು. ಅಗ್ಗದ ಡಬ್ಬಿಯೊಳಗಿನ ಕಪ್ಯಾಸಿಟರುಗಳು ಬಿಸಿಗೆ ಒಣಗುತ್ತಾ ಬಂದಂತೆ ಈ ಹಿಡಿತ ತಪ್ಪುತ್ತದೆ. ಸೋತ ಎಸ್‌ಎಂಪಿಎಸ್ ಮೊದಲು ಬೋರ್ಡನ್ನೋ ಡಿಸ್ಕನ್ನೋ ಬಲಿ ತೆಗೆದುಕೊಂಡು ತಾನು ಮಾತ್ರ ಇನ್ನೂ ಕೆಲವು ತಿಂಗಳು ಓಡುತ್ತಿರಬಹುದು. ಅಂಥ ಕಡೆ ಹೊಸ ಬೋರ್ಡ್ ತಂದು ಅದೇ ಎಸ್‌ಎಂಪಿಎಸ್ಸಿಗೆ ಜೋಡಿಸುವುದು, ಹೆಂಚು ಒಡೆದು ಸೋರುವ ಮನೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಂತೆ.

ಎಸ್‌ಎಂಪಿಎಸ್ ಕೊಳ್ಳುವಾಗ ಅದರ ಮೈಮೇಲಿನ ಚೀಟಿಯನ್ನು ಓದಬೇಕು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿರುತ್ತದೆ. ಅದರ ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದಿದೆ, ನೋಡಿ. 14 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ, 168 ವ್ಯಾಟ್. ಇಂದಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳು ಉಣ್ಣುವುದೆಲ್ಲ ಈ ಸಾಲಿನಿಂದಲೇ, ಹಾಗಾಗಿ ಆ ಡಬ್ಬಿಯ ನಿಜವಾದ ಶಕ್ತಿ ಅಷ್ಟೇ. 36 ಆಂಪಿಯರ್ ಎಂದಿದ್ದರೆ 432 ವ್ಯಾಟ್, ಚೀಟಿಯ ದೊಡ್ಡ ಅಕ್ಷರಕ್ಕೆ ಅದು ಹತ್ತಿರ. 80 ಪ್ಲಸ್ ಮುದ್ರೆಯನ್ನು ನೋಡಿ ಕೊಳ್ಳುವವರು ಹೆಚ್ಚುತ್ತಿದ್ದಾರೆ, ಒಳ್ಳೆಯದೇ. ಆದರೆ 2004ರಲ್ಲಿ ಶುರುವಾದ ಆ ಮುದ್ರೆ ಹೇಳುವುದು ಕರೆಂಟ್ ಎಷ್ಟು ಪೋಲಾಗುವುದಿಲ್ಲ ಎಂಬುದನ್ನು ಮಾತ್ರ. ವೋಲ್ಟೇಜ್ ಮೀರಿದಾಗ, ಶಾರ್ಟ್ ಆದಾಗ ಡಬ್ಬಿ ತಾನಾಗಿ ಆರುವ ರಕ್ಷಣೆ ಇದೆಯೇ, ಎಷ್ಟು ವರ್ಷ ವಾರಂಟಿ ಕೊಡುತ್ತಾರೆ ಎಂದು ಬೇರೆಯಾಗಿಯೇ ಕೇಳಬೇಕು. ಆರುನೂರು ರೂಪಾಯಿಯ ಎಸ್‌ಎಂಪಿಎಸ್ ಎಷ್ಟೋ ಅಂಗಡಿಗಳಲ್ಲಿ ವರ್ಷಗಟ್ಟಲೆ ಓಡುತ್ತಿದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಟೈಪಿಂಗ್ ಕಂಪ್ಯೂಟರ್ ನೂರು ವ್ಯಾಟನ್ನೂ ಸರಿಯಾಗಿ ಬೇಡುವುದಿಲ್ಲ, ಅಲ್ಲಿ ಬಡ ಡಬ್ಬಿಯೂ ಸುಖವಾಗಿರುತ್ತದೆ. ಆದರೆ ಓಡುತ್ತಿರುವಾಗ ಒಳ್ಳೆಯ ಡಬ್ಬಿಗೂ ಬಡ ಡಬ್ಬಿಗೂ ವ್ಯತ್ಯಾಸ ಕಾಣದು, ಸಾಯುವಾಗ ಕಾಣುತ್ತದೆ. ಒಳ್ಳೆಯದು ತಾನೊಂದೇ ಸಾಯುತ್ತದೆ. ಹೆಚ್ಚುವರಿಯಾಗಿ ಕೊಟ್ಟ ಸಾವಿರವೋ ಒಂದೂವರೆ ಸಾವಿರವೋ ಈ ಗುಣಕ್ಕೆ ಕೊಟ್ಟ ಬೆಲೆ. ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಅದು ಜೀವಕ್ಕೆ ಅಪಾಯ.

ಎಸ್‌ಎಂಪಿಎಸ್ಸನ್ನು ಕೆಡಿಸಿದ್ದು ಯಾವುದು ಎಂದು ಇನ್ನೊಂದು ಹೆಜ್ಜೆ ಹಿಂದೆ ಹೋದರೆ ಅರ್ಥಿಂಗ್ ಇಲ್ಲದ ಪ್ಲಗ್, ಪಂಪ್‌ಸೆಟ್ ಹೊತ್ತಿಗೆ ಕುಸಿದು ಮತ್ತೆ ದಿಢೀರನೆ ಏರುವ ವೋಲ್ಟೇಜ್, ಏಪ್ರಿಲ್ ಮೇ ತಿಂಗಳ ಗುಡುಗು ಮಿಂಚು ಕಾಣುತ್ತವೆ. ಮಿಂಚಿನ ಹೊಡೆತ ಕರೆಂಟಿನ ತಂತಿಯಲ್ಲಷ್ಟೇ ಬರುವುದಿಲ್ಲ, ಹೊರಗಿನಿಂದ ಬಂದ ಲ್ಯಾನ್ ಕೇಬಲಿನಲ್ಲೂ ಬರುತ್ತದೆ. ಕಂಪ್ಯೂಟರಿನ ಪ್ಲಗ್ ತೆಗೆದು ಕೇಬಲನ್ನು ಹಾಗೇ ಬಿಟ್ಟವರ ಬೋರ್ಡುಗಳು ಹಾಳಾಗುವುದು ಇದರಿಂದ. ಅರ್ಥಿಂಗ್ ಸರಿಪಡಿಸುವ ಎಲೆಕ್ಟ್ರಿಷಿಯನ್ನಿನ ಕೂಲಿಯನ್ನು ಕಂಪ್ಯೂಟರ್ ರಿಪೇರಿಯ ಲೆಕ್ಕಕ್ಕೇ ಸೇರಿಸಬೇಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಮೂರನೆಯ ಪ್ರಶ್ನೆ, ಕೆಡದೆ ಉಳಿದ ಪಾರ್ಟ್‌ಗಳಿಗೆ ಹೊಂದುವಂಥದ್ದು ಯಾವುದು ಎಂಬುದು. ಬದಲಿ ಪಾರ್ಟನ್ನು ಆರಿಸುವ ಹಕ್ಕು ಕೊಳ್ಳುವವರಿಗಿಂತ ಹೆಚ್ಚಾಗಿ ಅವಕ್ಕಿದೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರದು. ಇಂಟೆಲ್ ಪ್ರೊಸೆಸರುಗಳ ಸಾಕೆಟ್ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾ ಬಂದಿದೆ. ಅದಕ್ಕಿಂತ ಕಷ್ಟದ್ದೆಂದರೆ, 2015ರ 1151 ಸಾಕೆಟ್ಟಿನ ಬೋರ್ಡುಗಳಿಗೆ 2017ರ ಕೊನೆಗೆ ಬಂದ ಅದೇ 1151 ಸಾಕೆಟ್ಟಿನ 8ನೇ ತಲೆಮಾರಿನ ಪ್ರೊಸೆಸರ್ ಹೊಂದುವುದಿಲ್ಲ. ಹೆಸರು ಒಂದೇ, ಆಕಾರ ಒಂದೇ, ಕೆಲಸ ಮಾತ್ರ ಆಗದು. ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನೂ ನೋಡಬೇಕು. ಐ3-12100 ಮತ್ತು ಐ3-12100ಎಫ್ ಇವುಗಳ ನಡುವೆ ಬೆಲೆಯಲ್ಲಿ ಒಂದಿಷ್ಟು ಉಳಿತಾಯ ಕಾಣುತ್ತದೆ, ಆದರೆ ಎಫ್ ಇರುವುದರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಅದನ್ನು ಹಾಕಿದರೆ ತೆರೆಯ ಮೇಲೆ ಏನೂ ಮೂಡದು, ಹೊಸ ಪಾರ್ಟೂ ಕೆಟ್ಟಿದೆ ಎಂದು ಮತ್ತೆ ಅಂಗಡಿಗೆ ಅಲೆಯಬೇಕು. ಎಎಂಡಿಯಲ್ಲಿ ರೈಜನ್ 5600 ಮತ್ತು 5600ಜಿ ನಡುವೆಯೂ ಇದೇ ವ್ಯತ್ಯಾಸ, ಅಲ್ಲಿ ಜಿ ಇದ್ದರೆ ಗ್ರಾಫಿಕ್ಸ್ ಇದೆ. ಡೆಲ್, ಎಚ್‌ಪಿಯವರ ಅನೇಕ ಆಫೀಸ್ ಡೆಸ್ಕ್‌ಟಾಪುಗಳಲ್ಲಿ ಎಲ್ಲರೂ ಬಳಸುವ 24 ಪಿನ್ನಿನ ಬದಲು ಅವರದ್ದೇ ಬೇರೆ ಕನೆಕ್ಟರ್ ಇರುತ್ತದೆ, ಮಾಮೂಲಿ ಎಸ್‌ಎಂಪಿಎಸ್ ಅದಕ್ಕೆ ಹತ್ತುವುದಿಲ್ಲ.

ಮದರ್‌ಬೋರ್ಡ್ ಹೋದಾಗ ಮಾತ್ರ ನಿಜವಾದ ಕವಲು ದಾರಿ ಎದುರಾಗುತ್ತದೆ. ಹಳೆಯ ಸಾಕೆಟ್ಟಿನ ಬೋರ್ಡನ್ನೇ ಹುಡುಕಿ ತಂದರೆ ಪ್ರೊಸೆಸರೂ ರ‍್ಯಾಮೂ ಉಳಿಯುತ್ತವೆ. ಹೊಸ ಬೋರ್ಡಿಗೆ ಹೋದರೆ ಮೂರನ್ನೂ ಕೊಳ್ಳಬೇಕಾದೀತು. 2011ರ ಎಚ್61 ಚಿಪ್‌ಸೆಟ್ಟಿನ ಬೋರ್ಡುಗಳನ್ನು ಹೆಚ್ಚು ಹೆಸರಿಲ್ಲದ ಕಂಪನಿಗಳು ಮಾಡಿ ಮಾರುತ್ತಿರುವುದು ಈ ಬೇಡಿಕೆಗೇ. ಕೆಲಸ ಟೈಪಿಂಗು, ಬಿಲ್ಲು, ಬ್ರೌಸಿಂಗಿಗೆ ಸೀಮಿತವಾಗಿದ್ದರೆ ಅಂಥ ಬೋರ್ಡ್ ಹಾಕಿಸಿ ಇನ್ನೆರಡು ವರ್ಷ ತಳ್ಳುವುದು ಸರಿಯಾದ ನಿರ್ಧಾರವೇ. ಡಿಡಿಆರ್4 ರ‍್ಯಾಮ್ ಇದ್ದವರಿಗೆ ನಡುವಿನ ದಾರಿಯೊಂದಿದೆ. ಇಂಟೆಲ್‌ನ ಎಚ್610 ಬೋರ್ಡುಗಳಲ್ಲಿ ಡಿಡಿಆರ್4ಕ್ಕೆ ಒಗ್ಗುವ ಮಾದರಿಗಳಿವೆ, ಎಎಂಡಿಯ ಎಎಂ4 ಬೋರ್ಡುಗಳೆಲ್ಲ ಡಿಡಿಆರ್4ವೇ. ರ‍್ಯಾಮ್ ಉಳಿಸಿಕೊಂಡು ಬೋರ್ಡ್, ಪ್ರೊಸೆಸರ್ ಎರಡನ್ನೇ ಬದಲಿಸಬಹುದು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿತೆಂಬುದನ್ನು ಕಂಡವರಿಗೆ ಕೈಯಲ್ಲಿರುವ ಹಳೆಯ ಪಟ್ಟಿಯ ಬೆಲೆ ತಿಳಿದಿದೆ. ಬೋರ್ಡ್ ಬದಲಾದರೆ, ಅದರೊಂದಿಗೆ ಬಂದ ಒಇಎಂ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಹೊಸ ಬೋರ್ಡಿಗೆ ಬರುವುದಿಲ್ಲ ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಎಂದರೆ ಹೆದರುವವರಿದ್ದಾರೆ, ಅಗ್ಗ ಎಂದು ಎಲ್ಲವನ್ನೂ ಸೆಕೆಂಡ್ ಹ್ಯಾಂಡೇ ತರುವವರೂ ಇದ್ದಾರೆ. ಇಬ್ಬರದ್ದೂ ಅರ್ಧ ಸರಿ. ಸವೆಯುವ ಭಾಗ ಯಾವುದರಲ್ಲಿದೆ ಎಂದು ನೋಡಿದರೆ ಗೊಂದಲ ತೀರುತ್ತದೆ. ಪ್ರೊಸೆಸರಿನಲ್ಲಿ ತಿರುಗುವ ಭಾಗವಿಲ್ಲ, ಒಣಗುವ ದ್ರವವಿಲ್ಲ, ಸಾಧಾರಣ ಬಳಕೆಯಲ್ಲಿ ಅದು ಕೆಡುವುದು ಅಪರೂಪ. ಹತ್ತು ವರ್ಷ ಹಳೆಯದನ್ನೂ ಧೈರ್ಯವಾಗಿ ಕೊಳ್ಳಬಹುದು. ರ‍್ಯಾಮೂ ಹಾಗೆಯೇ, ಮೆಮ್‌ಟೆಸ್ಟ್ ಪಾಸಾದರೆ ಸಾಕು. ಬೋರ್ಡಿನ ಮಾತು ಬೇರೆ. ಇಂಟೆಲ್ ಬೋರ್ಡಾದರೆ ಸಾಕೆಟ್ಟಿನೊಳಗಿನ ಕೂದಲೆಳೆಯಂಥ ಪಿನ್ನುಗಳಲ್ಲಿ ಒಂದಾದರೂ ಬಾಗಿದೆಯೇ ಎಂದು ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಬೇಕು. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯ ಕಡೆಗಿರುತ್ತವೆ. ಕಪ್ಯಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಅಥವಾ ಬುಡದಲ್ಲಿ ಕಂದು ಅಂಟು ಕಂಡರೆ ಬೇಡ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ದ್ರವ ತುಂಬಿದ ಕಪ್ಯಾಸಿಟರುಗಳಿಂದ ಪ್ರಪಂಚದ ಉದ್ದಕ್ಕೂ ಬೋರ್ಡುಗಳು ಹೀಗೆ ಉಬ್ಬಿ ಸತ್ತವು. ಬಿಸಿ ಸುಮಾರು 10 ಡಿಗ್ರಿ ಏರಿದರೆ ಈ ಬಿಡಿಭಾಗದ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು. ಎಸ್‌ಎಂಪಿಎಸ್ ಮತ್ತು ಹಾರ್ಡ್ ಡಿಸ್ಕನ್ನು ಮಾತ್ರ ಸೆಕೆಂಡ್ ಹ್ಯಾಂಡ್ ಕೊಳ್ಳಲೇಬಾರದು. ಒಂದರಲ್ಲಿ ಕಪ್ಯಾಸಿಟರ್ ಒಣಗುತ್ತದೆ, ಇನ್ನೊಂದರಲ್ಲಿ ತಟ್ಟೆಯನ್ನು ತಿರುಗಿಸುವ ಭಾಗಗಳು ಸವೆಯುತ್ತವೆ. ಗ್ರಾಫಿಕ್ಸ್ ಕಾರ್ಡಿನ ಇತಿಹಾಸ ಕೇಳಿ ಕೊಳ್ಳಬೇಕು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ದೊಡ್ಡ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದವು.

ಇಷ್ಟೆಲ್ಲ ಕಷ್ಟಪಟ್ಟು ಹಳೆಯದನ್ನು ಬದುಕಿಸುವ ಬದಲು ಹೊಸದನ್ನೇ ತಂದರೇನು ಎಂಬ ಪ್ರಶ್ನೆಗೆ ಬಲವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು, ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಇರಲೇಬೇಕು. ಬ್ಯಾಂಕಿನ ಕೆಲಸ, ಸರ್ಕಾರಿ ಪೋರ್ಟಲಿನ ಕೆಲಸ ಮಾಡುವವರು ಭದ್ರತೆಯ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಕೂರಬಾರದು, ಒಪ್ಪಿದೆ. ಅಂಥವರು ಲಿನಕ್ಸ್ ಹಾಕಿಕೊಂಡು ಅದೇ ಯಂತ್ರವನ್ನು ಮುಂದುವರಿಸಬಹುದು, ಯುನಿಕೋಡ್ ಕನ್ನಡ ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಕನ್ನಡದ ಅನೇಕ ಮುದ್ರಣಾಲಯಗಳ ಸ್ಥಿತಿ ಹೀಗೆ ಸರಳವಾಗಿಲ್ಲ. ಯುನಿಕೋಡ್ ತಿಳಿಯದ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಅದರೊಳಗೆ ಕೂರಿಸಿದ ಎಷ್ಟೋ ವರ್ಷದ ಪುಸ್ತಕಗಳು ಆ ಯಂತ್ರಗಳಲ್ಲೇ ಇವೆ. ಅವರಿಗೆ ಹಳೆಯ ಕಂಪ್ಯೂಟರ್ ಬದುಕಿರುವುದು ಅಗತ್ಯ. ಅದನ್ನು ಇಂಟರ್‌ನೆಟ್ಟಿನಿಂದ ದೂರವಿಟ್ಟು, ಒಳ್ಳೆಯ ಎಸ್‌ಎಂಪಿಎಸ್ಸೂ ಎಸ್‌ಎಸ್‌ಡಿಯೂ ಹಾಕಿ ಕಾಪಾಡುವುದು ಜಿಪುಣತನವಲ್ಲ. ಕಂಪನಿಗಳು ಬಳಸಿ ಬಿಟ್ಟ ರಿಫರ್ಬಿಷ್ಡ್ ಡೆಸ್ಕ್‌ಟಾಪ್ ಕೊಳ್ಳಬಹುದಲ್ಲ ಎಂದರೆ, ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರೂ ಬೇಕಾದ ಕಡೆ ಅದೇ ಅಗ್ಗ, ಅದನ್ನೇ ಕೊಳ್ಳಿ. ಹೋದದ್ದು ಒಂದೇ ಪಾರ್ಟ್ ಆಗಿದ್ದರೆ, ಇಡೀ ಯಂತ್ರವನ್ನೇ ಕೊಳ್ಳುವುದು ಇನ್ನೊಬ್ಬರ ಹಳೆಯ ಎಸ್‌ಎಂಪಿಎಸ್, ಹಳೆಯ ಡಿಸ್ಕು, ಒಣಗಿದ ಪೇಸ್ಟನ್ನೂ ಸೇರಿಸಿ ಕೊಂಡಂತಾಗುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವವರೂ ತಮ್ಮ ಊರಿನ ಅಂಗಡಿಗೇ ಹೋಗುವವರೂ ಹೊರಡುವ ಮುನ್ನ ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಬೋರ್ಡಿನ ಮಾದರಿ ಹೆಸರು, ರ‍್ಯಾಮಿನ ಮೇಲಿನ ಚೀಟಿ, ಎಸ್‌ಎಂಪಿಎಸ್ಸಿನ ಕೋಷ್ಟಕ ಇಷ್ಟನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮಾಡೆಲ್ ನಂಬರ್ ತೋರಿಸಿ ಕೇಳಿದರೆ ಅಂಗಡಿಯವರ ಉತ್ತರವೂ ಖಚಿತವಾಗುತ್ತದೆ. ಶೇಕಡಾ 18 ಜಿಎಸ್‌ಟಿ ಉಳಿಯುತ್ತದೆಂದು ಬಿಲ್ ಇಲ್ಲದೆ ಹೊಸ ಪಾರ್ಟ್ ತರಬೇಡಿ. ಮೂರು ವರ್ಷದ ವಾರಂಟಿಯನ್ನು ಕೇಳಲು ಹೋದಾಗ ಮೊದಲು ಕೇಳುವುದು ಆ ಕಾಗದವನ್ನೇ, ಅದರ ಮೇಲೆ ಪಾರ್ಟಿನ ಸೀರಿಯಲ್ ನಂಬರ್ ಬರೆಸಿಕೊಂಡಿರಬೇಕು.